ಕಡೆಯವರ ಹಿಂದೆ ನಡೆಯುವವರು

ಓದುವವರು ಓಡಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಆದರೂ ನಮ್ಮ ವಿದ್ಯಾವಂತರಲ್ಲಿ ಅಂಥದೊಂದು ವಿಧಿ ತಾನಾಗಿಯೇ ನೆಲೆಗೊಂಡಿದೆ. ಪುಸ್ತಕ ಹಿಡಿದ ಕೈಗೆ ಕಸರತ್ತು ಶೋಭಿಸದೆಂದು ನಾವು ಒಳಗೊಳಗೇ ನಂಬಿಕೊಂಡಂತಿದೆ. ನಾನೂ ಇದಕ್ಕೆ ಹೊರತಲ್ಲ. ಇಪ್ಪತ್ತೈದು ವರ್ಷ ಮೇಜಿನ ಮುಂದೆ ಕುಳಿತ ಮೇಲೆ, ಒಂದು ದಿನ ಕಾಲೇಜೊಂದರ ಎರಡನೆಯ ಮಹಡಿಯ ಸಭಾಂಗಣಕ್ಕೆ ಮೆಟ್ಟಿಲೇರಿ ಹೋಗಿ, ಭಾಷಣದ ಮೊದಲ ವಾಕ್ಯ ನುಡಿಯಲು ಉಸಿರು ಸಾಲದೆ ನಿಂತೆ. ಸಭಿಕರು ಅದನ್ನು ಗಾಂಭೀರ್ಯವೆಂದು ತಿಳಿದರು. ಸತ್ಯ ನನಗೊಬ್ಬನಿಗೇ ಗೊತ್ತಿತ್ತು.

ನಾಳೆಯಿಂದ ಬೆಳಗ್ಗೆ ಐದಕ್ಕೇ ಎದ್ದು ನಡೆಯುವೆನೆಂದು ಎಷ್ಟೋ ಸಲ ಸಂಕಲ್ಪ ಮಾಡಿದೆ. ಅವನ್ನೆಲ್ಲ ಬರೆದಿಟ್ಟಿದ್ದರೆ ಒಂದು ಸಂಕಲನವೇ ಆಗುತ್ತಿತ್ತು. ಒಬ್ಬನೇ ಮಾಡಿದ ಸಂಕಲ್ಪವನ್ನು ಒಬ್ಬನೇ ಮುರಿಯಬಹುದು, ಕೇಳುವವರಿಲ್ಲ.

ಕಳೆದ ವರ್ಷದ ಬೇಸಗೆಯಲ್ಲಿ ಲಂಡನ್ನಿನ ಮಗಳ ಮನೆಯಲ್ಲಿದ್ದಾಗ, ಒಂದು ಶನಿವಾರ ಬೆಳಗ್ಗೆ 9 ಗಂಟೆಗೆ ಆಕೆ ನನ್ನನ್ನು ಬುಷಿ ಪಾರ್ಕಿಗೆ ಕರೆದೊಯ್ದಳು. ಜಿಂಕೆಗಳು ನಿರ್ಭಯವಾಗಿ ಮೇಯುವ ವಿಶಾಲವಾದ ಬಯಲು ಅದು. ಹುಡುಗರು, ಮುದುಕರು, ಕೂಸಿನ ಗಾಡಿ ತಳ್ಳುವ ತಾಯಂದಿರು ನೂರಾರು ಸಂಖ್ಯೆಯಲ್ಲಿ ನೆರೆದಿದ್ದರು. ನಾನು ನೂರು ಗಜ ಓಡಿದೆ; ಉಳಿದುದನ್ನು ನಡೆದೆ. ಎಲ್ಲರೂ ದಾಟಿಹೋದರು. ಪಾಠ ಹೇಳಿ ಅಭ್ಯಾಸವಾದವನಿಗೆ ಕಡೆಯ ಬೆಂಚು ಒಗ್ಗುವುದಿಲ್ಲ. ನಾಚಿಕೆಯಿಂದ ತಿರುಗಿ ನೋಡಿದರೆ ಹಿಂದೆ ಒಬ್ಬ ವೃದ್ಧೆ ನಿಧಾನವಾಗಿ ಬರುತ್ತಿದ್ದರು. ಅವರು ಮುಂದೆ ಹೋಗಲೆಂದು ನಿಂತೆ; ಅವರೂ ನಿಂತರು. ಆಮೇಲೆ ತಿಳಿಯಿತು: ಕಡೆಯವರ ಹಿಂದೆ ನಡೆಯುವುದೇ ಆ ದಿನ ಅವರು ವಹಿಸಿಕೊಂಡ ಕೆಲಸ! ಪ್ರತಿ ವಾರವೂ ಯಾರಾದರೊಬ್ಬರು ಹೀಗೆ ನಡೆಯುತ್ತಾರೆ. ಆದ್ದರಿಂದ ಓಡಬಂದ ಯಾರೂ ಕಡೆಯವರಾಗುವುದೇ ಇಲ್ಲ.

ಗುರಿ ಮುಟ್ಟಿದಾಗ ಒಂದು ಗಂಟೆಗೆ ಎರಡೇ ನಿಮಿಷ ಕಡಿಮೆಯಿತ್ತು. “ಮುಂದಿನ ವಾರ ಬರುತ್ತೀರಲ್ಲ?” ಎಂದರು ಆಕೆ. ಮುಂದಿನ ಶನಿವಾರ ನನ್ನನ್ನು ಯಾರೂ ಎಬ್ಬಿಸಬೇಕಾಗಲಿಲ್ಲ. ಎಂಟು ಶನಿವಾರ ಹೋದೆ.

ಈ ಕೂಟದ ಹುಟ್ಟನ್ನು ಕೇಳಿದಾಗ ನನ್ನ ಅಭಿಮಾನ ಇನ್ನೂ ಹೆಚ್ಚಿತು. 2004ರಲ್ಲಿ ಪಾಲ್ ಸಿಂಟನ್-ಹ್ಯೂಯಿಟ್ ಎಂಬವರು ಪೆಟ್ಟಾಗಿ ಓಡಲಾರದೆ, ಕೆಲಸವೂ ಇಲ್ಲದೆ, ಮನಸ್ಸು ಕುಗ್ಗಿದ್ದರು. ಗೆಳೆಯರ ಮುಖ ಕಾಣುವ ನೆಪಕ್ಕೆಂದು ಅವರನ್ನು ಓಡಲು ಕರೆದು, ತಾವು ಗಡಿಯಾರ ಹಿಡಿದು ನಿಂತರು. ಅಕ್ಟೋಬರ್ 2ರ ಆ ಮೊದಲ ಓಟಕ್ಕೆ ಬಂದವರು 13 ಮಂದಿ. ಯಾರು ಎಷ್ಟನೆಯವರೆಂದು ಗುರುತಿಸಲು ಕಬ್ಬಿಣದ ಅಂಗಡಿಯ ವಾಷರುಗಳ ಮೇಲೆ ಅಂಕಿ ಒತ್ತಿ ಕೊಡುತ್ತಿದ್ದರಂತೆ. ಓಡಲಾರದವರೊಬ್ಬರು ಕಟ್ಟಿದ ಆ ಓಟ ಇಂದು ‘ಪಾರ್ಕ್‌ರನ್’ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿದೆ. ದೂರ 5 ಕಿಲೋಮೀಟರ್, ಶುಲ್ಕವಿಲ್ಲ, ದುಡಿಯುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. 2018ರಲ್ಲಿ ಬ್ರಿಟನ್ನಿನ ಕುಟುಂಬವೈದ್ಯರ ರಾಯಲ್ ಕಾಲೇಜು ಇದರೊಡನೆ ಕೈಜೋಡಿಸಿತು. ಗುಳಿಗೆ ಬರೆಯುವ ವೈದ್ಯರು ಶನಿವಾರದ ಈ ಕೂಟವನ್ನೂ ಸೂಚಿಸತೊಡಗಿದರು.

ವರ್ಷಗಳು ಕಳೆದಂತೆ ಇಲ್ಲಿನ ಓಟದ ಸರಾಸರಿ ವೇಗ ತಗ್ಗುತ್ತ ಬಂದಿದೆ. ನಡೆಸುವವರು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2024ರ ಫೆಬ್ರವರಿಯಲ್ಲಿ ಅತಿ ವೇಗದವರ ದಾಖಲೆಪಟ್ಟಿಗಳನ್ನು ತೆಗೆದುಹಾಕಿದಾಗ ಚುರುಕು ಕಾಲಿನವರು ಕೆರಳಿದರು. ಪಟ್ಟಿ ಇದ್ದರೂ ಕೆಡುಕಿರಲಿಲ್ಲವೆಂದೇ ನನ್ನ ಅಭಿಪ್ರಾಯ. ದುಡಿದು ಪಡೆದ ಅಂಕವನ್ನು ಅಳಿಸಿದರೆ ಯಾವ ವಿದ್ಯಾರ್ಥಿ ಸುಮ್ಮನಿದ್ದಾನು?

ಕೂಡಿ ಮೈ ಪಳಗಿಸುವುದು ನಮಗೆ ಹೊಸತಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಮಟ್ಟಿಗೆ ಬಾರದವನನ್ನು ಮರುದಿನ ಕೇಳುವ ಉಸ್ತಾದರಿದ್ದರು. ಆದರೆ ಅಲ್ಲಿ ಹೆಂಗಸರಿಗೆ ಎಡೆಯಿರಲಿಲ್ಲ. ನನ್ನಂಥ ಏದುಸಿರಿನವನಿಗೂ ಇರಲಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಓಟವೊಂದು ಆರಂಭವಾಯಿತು. ಸಾವಿರಾರು ಜನ ಸೇರುತ್ತಾರೆ, ಸಂತೋಷ. ಆದರೆ ಜಾತ್ರೆ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ. ಮನೆ ನಡೆಯುವುದು ಸಂತೆಯಿಂದ.

ನಮ್ಮ ಎಷ್ಟೋ ಶಾಲಾ ಕಾಲೇಜುಗಳ ಬಯಲುಗಳು ರಜೆಯ ದಿನ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೊಂದು ಬೆಳಗ್ಗೆ, ಒಂದು ಗಂಟೆಯ ಕಾಲ ಆ ಬೀಗ ತೆರೆಯಲೆಂದು ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇನೆ. ಬಹುಮಾನ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ನಮ್ಮ ಬಡಾವಣೆಯ ಶಾಲೆಯ ಮುಖ್ಯೋಪಾಧ್ಯಾಯರು ಒಪ್ಪಿದರು. ಮೂರು ಭಾನುವಾರಗಳಾದವು. ಮೊದಲ ವಾರ ನಾವು ನಾಲ್ವರು. ಕಳೆದ ವಾರ ಹನ್ನೊಂದು ಮಂದಿ. ಕಡೆಯವರ ಹಿಂದೆ ನಡೆಯುವ ಕೆಲಸ ಸದ್ಯಕ್ಕೆ ನನ್ನದು.