ಡಬ್ಬಾ ಸೌಂಡಿನ ಬೆನ್ನು ಹತ್ತಿ

ಕಳೆದ ಸೆಮಿಸ್ಟರ್‌ನಲ್ಲಿ ನನಗೊಂದು ಇಂಟರ್ನ್‌ಶಿಪ್‌ನ ಆನ್‌ಲೈನ್ ಸಂದರ್ಶನವಿತ್ತು. ಅಂದು ಬೆಳಿಗ್ಗೆಯೇ ನನ್ನ ಇಯರ್‌ಫೋನ್ ಕೈಕೊಟ್ಟಿತು. ಲ್ಯಾಪ್‌ಟಾಪ್‌ನಲ್ಲೇ ಸ್ಪೀಕರ್ ಇದೆಯಲ್ಲ ಎಂದು ಧೈರ್ಯ ಮಾಡಿ ಕುಳಿತೆ. ದನಿ ಸಣ್ಣಗಿತ್ತು. ವಾಲ್ಯೂಮ್ ಅನ್ನು 150ಕ್ಕೆ ಏರಿಸಿದೆ. ಆಮೇಲೆ ಬಂದದ್ದು ಜಾತ್ರೆಯ ಮೈಕಿನ ದನಿ. ಅವರು ಕೇಳಿದ್ದು 'ಸ್ಟ್ಯಾಟಿಕ್' ಬಗ್ಗೆ, ನನಗೆ ಕೇಳಿಸಿದ್ದು 'ಸ್ಟ್ಯಾಕ್'. ಎರಡು ನಿಮಿಷ ಸ್ಟ್ಯಾಕ್ ಬಗ್ಗೆ ಪಟಪಟನೆ ಹೇಳಿದೆ. ಅವರು ಕೊನೆಗೆ 'ಓಕೆ' ಎಂದರು. ಆ ಓಕೆಯ ಅರ್ಥ ವಾರದ ನಂತರ ಬಂದ ಮೇಲ್‌ನಲ್ಲಿ ತಿಳಿಯಿತು.

ಹಾಸ್ಟೆಲ್ ಗೆಳೆಯರ ತೀರ್ಪು ಒಂದೇ: 'ಲಿನಕ್ಸ್ ಹಾಕ್ಕೊಂಡ್ರೆ ಇದೇ ಗತಿ.' ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ವಿಂಡೋಸ್‌ನಲ್ಲಿ ಅದು ಏದುಸಿರು ಬಿಡುತ್ತಿತ್ತು, ಹಾಗಾಗಿ ಉಬುಂಟು ಹಾಕಿದ್ದೆ. ಎಲ್ಲವೂ ಚುರುಕಾಯಿತು, ಸೌಂಡ್ ಮಾತ್ರ ಬಿಸ್ಕತ್ ಡಬ್ಬದೊಳಗಿಂದ ಬಂದಂತೆ. ರಜೆಗೆ ಊರಿಗೆ ಹೋದಾಗ ಇದೇ ಲ್ಯಾಪ್‌ಟಾಪ್‌ನಲ್ಲಿ ತಂಗಿ ಪಿಯುಸಿ ಪಾಠದ ವಿಡಿಯೊ ನೋಡುತ್ತಾಳೆ. 'ಅಣ್ಣಾ, ಮೇಷ್ಟ್ರು ಮೂಗಲ್ಲಿ ಮಾತಾಡ್ತಾರೆ' ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಎರಡು ವರ್ಷ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಳೆದುಕೊಂಡ ಮೇಲೆ ಬುದ್ಧಿ ಬಂತು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಅಂತರ್ಜಾಲದಲ್ಲಿ ಸಿಕ್ಕ ಕಮಾಂಡ್‌ಗಳನ್ನು ಅರ್ಥ ತಿಳಿಯದೆ ಟರ್ಮಿನಲ್‌ಗೆ ಅಂಟಿಸಿದೆ. ಮೂರನೆಯದಕ್ಕೆ ಇದ್ದ ಸೌಂಡೂ ಹೋಯಿತು. ಅದನ್ನು ವಾಪಸ್ ತರಲು ಅರ್ಧ ರಾತ್ರಿ ಹಿಡಿಯಿತು. ಆಗ ಲ್ಯಾಬ್‌ನಲ್ಲಿ ನಮ್ಮ ಮೇಡಂ ಹೇಳುತ್ತಿದ್ದ ಮಾತು ನೆನಪಾಯಿತು: ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಎಲ್ಲ ವೈರ್ ಕೀಳಬೇಡಿ, ಮಧ್ಯದಲ್ಲಿ ಮೀಟರ್ ಇಟ್ಟು ನೋಡಿ. ದೋಷ ಆ ಕಡೆಯೋ ಈ ಕಡೆಯೋ ಗೊತ್ತಾಗುತ್ತದೆ.

ಹಾಗೇ ಮಾಡಿದೆ. ರೂಮ್‌ಮೇಟ್‌ನ ಇಯರ್‌ಫೋನ್ ಚುಚ್ಚಿ ಅದೇ ಹಾಡು ಹಾಕಿದೆ. ದನಿ ಸೊಗಸಾಗಿತ್ತು. ಅಂದರೆ ಹಾಡಿನ ಫೈಲು, ಪ್ಲೇಯರ್, ಅದರ ಹಿಂದಿನ ಪೈಪ್‌ವೈರ್ ಎಲ್ಲ ಸರಿ. ಇದೇ ಮಾದರಿಯ ಲ್ಯಾಪ್‌ಟಾಪ್ ಇರುವ ಗೆಳೆಯನೊಬ್ಬನ ವಿಂಡೋಸ್‌ನಲ್ಲಿ ಕೇಳಿದೆ. ಸ್ಪೀಕರಿನಿಂದ ತಬಲಾದ ಎಡದ ಗುಮ್ಮೆನ್ನುವ ನಾದವೂ ಬಂತು. ಅಂದರೆ ಈ ಮಾದರಿಯ ಸ್ಪೀಕರೇ ಕಳಪೆಯಲ್ಲ. ಎರಡು ಪರೀಕ್ಷೆಗೆ ಹತ್ತು ನಿಮಿಷ, ಅನುಮಾನದ ಪಟ್ಟಿಯಲ್ಲಿ ಮುಕ್ಕಾಲು ಪಾಲು ಖಾಲಿ.

ಮುಂದಿನ ಪಾಠ ವಾಲ್ಯೂಮ್‌ನದು. ನೂರರ ಮೇಲೆ ಏರಿಸಿದರೆ ಸ್ಪೀಕರಿಗೆ ಹೊಸ ಶಕ್ತಿ ಬರುವುದಿಲ್ಲ. ಸಾಫ್ಟ್‌ವೇರ್ ಅಂಕಿಗಳನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಅಲೆಯ ತುದಿ ಮಿತಿಗೆ ಬಡಿದು ಚಪ್ಪಟೆಯಾಗುತ್ತದೆ, ಮಾತು ಒಡೆಯುತ್ತದೆ. ನನ್ನ 'ಸ್ಟ್ಯಾಟಿಕ್' ಒಡೆದು 'ಸ್ಟ್ಯಾಕ್' ಆದದ್ದು ಹೀಗೆಯೇ ಇರಬೇಕು. ಅಂದಿನಿಂದ ನೂರು ದಾಟಿಲ್ಲ.

ಇನ್ನು ಗುಮ್ಮೆನ್ನುವ ನಾದ ಎಲ್ಲಿ ಹೋಯಿತು? 'ಅಲ್ಸಾಮಿಕ್ಸರ್' ತೆರೆದು ಎಫ್6 ಒತ್ತಿ ಸೌಂಡ್ ಕಾರ್ಡ್ ಆಯ್ದುಕೊಂಡೆ. ಕೆಲವು ಯಂತ್ರಗಳಲ್ಲಿ ಯಾವುದೋ ಸಾಲಿನ ಕೆಳಗೆ 'ಎಂಎಂ' ಎಂದಿರುತ್ತದೆ. ಅಂದರೆ ಅದು ಮ್ಯೂಟ್ ಆಗಿದೆ, ಎಂ ಒತ್ತಿದರೆ ಬಾಯಿ ಬಿಡುತ್ತದೆ. ನನ್ನಲ್ಲಿ ಹಾಗಿರಲಿಲ್ಲ. ಅಲ್ಲಿದ್ದದ್ದು ಒಂದೇ ಸ್ಪೀಕರ್ ಸಾಲು. ಆದರೆ ಮ್ಯಾನ್ಯುಯಲ್ ಪ್ರಕಾರ ಈ ಮಾದರಿಗೆ ನಾಲ್ಕು ಸ್ಪೀಕರ್: ಎರಡು ಸಣ್ಣವು, ಎರಡು ಬೇಸ್‌ಗೆ. ಎರಡು ವರ್ಷ ನಾನು ಕೇಳಿದ್ದು ಅರ್ಧ ಲ್ಯಾಪ್‌ಟಾಪ್‌ನ ಸೌಂಡ್!

ಕಾರಣ ಸರಳ. ಆಡಿಯೊ ಚಿಪ್‌ನ ಯಾವ ಪಿನ್ನಿಗೆ ಏನು ಜೋಡಿಸಿದೆ ಎಂಬ ಪಟ್ಟಿಯನ್ನು ಬಯೋಸ್ ಕೊಡಬೇಕು. ನನ್ನ ಬಯೋಸ್ ಬೇಸ್ ಸ್ಪೀಕರ್ ಇರುವ ಪಿನ್ನನ್ನು 'ಏನೂ ಜೋಡಿಸಿಲ್ಲ' ಎಂದು ಬರೆದಿಟ್ಟಿತ್ತು. ಕಂಪನಿ ಕೊಡುವ ವಿಂಡೋಸ್ ಡ್ರೈವರ್‌ಗೆ ಒಳಗುಟ್ಟು ಗೊತ್ತು. ಪಾಪ, ಲಿನಕ್ಸ್ ಪಟ್ಟಿಯನ್ನು ನಂಬಿತು. 'ಎಚ್‌ಡಿಎ ಜ್ಯಾಕ್ ರೀಟಾಸ್ಕ್' ಎಂಬ ಪುಟ್ಟ ತಂತ್ರಾಂಶದಲ್ಲಿ ಆ ಪಿನ್ನನ್ನು ಒಳಗಿನ ಸ್ಪೀಕರ್ ಎಂದು ಬದಲಿಸಿ ಲ್ಯಾಪ್‌ಟಾಪ್ ಮರುಚಾಲನೆ ಮಾಡಿದೆ. ಮೊದಲ ಪಿನ್ ತಪ್ಪಾಗಿತ್ತು. ಬದಲಾವಣೆ ಹಿಂದೆಗೆದು ಎರಡನೆಯದಕ್ಕೆ ಹೋದೆ. ಎಡದ ನಾದ ಬಂತು. ರೂಮ್‌ಮೇಟ್ ನಿದ್ದೆಯಿಂದ ಎದ್ದು ಬೈದ.

ಉಳಿದದ್ದು 'ಈಸಿ ಎಫೆಕ್ಟ್ಸ್'ನ ಈಕ್ವಲೈಸರ್ ಕೆಲಸ. ಚುಚ್ಚುವ ಮಧ್ಯದ ಸ್ವರಗಳನ್ನು ತುಸು ಇಳಿಸಿದೆ, ಕೊನೆಯಲ್ಲೊಂದು ಲಿಮಿಟರ್ ಇಟ್ಟೆ. ಗೆಳೆಯನ ವಿಂಡೋಸ್‌ನಷ್ಟು ಚೆನ್ನಾಗಿದೆ ಎಂದು ಸುಳ್ಳು ಹೇಳಲಾರೆ. ಅಲ್ಲಿ ತಯಾರಕರು ಸ್ಪೀಕರನ್ನು ಅಳೆದು, ಅದರ ಕೊರತೆ ತುಂಬುವ ಸಂಸ್ಕರಣೆಯನ್ನು ಡ್ರೈವರ್ ಜೊತೆಗೇ ಕೊಟ್ಟಿರುತ್ತಾರೆ.

ಇಲ್ಲೇ ನನ್ನ ತಕರಾರು. ನಾವು ದುಡ್ಡು ಕೊಟ್ಟು ಕೊಂಡದ್ದು ನಾಲ್ಕು ಸ್ಪೀಕರ್. ಅವು ಎಲ್ಲಿ ಜೋಡಿಸಿವೆ ಎಂಬ ನಾಲ್ಕು ಸಾಲಿನ ಮಾಹಿತಿಯನ್ನು ಸರಿಯಾಗಿ ಕೊಡಲು ಕಂಪನಿಗೇನು ಕಷ್ಟ? ಲಿನಕ್ಸ್ ಕರ್ನೆಲ್‌ನಲ್ಲಿ ಹೀಗೆ ತಪ್ಪು ಪಟ್ಟಿ ಕೊಟ್ಟ ಮಾದರಿಗಳಿಗೆಂದೇ ತಿದ್ದುಪಡಿಗಳ ಉದ್ದನೆಯ ಯಾದಿ ಇದೆ. ಎಷ್ಟೋ ಸಾಲು ಬಳಕೆದಾರರ ದೂರಿನಿಂದಲೇ ಸೇರಿದ್ದು. ಆಪಲ್‌ನ ಎಂ1 ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ತಂದ ಅಸಾಹಿ ತಂಡದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿನ ಸ್ಪೀಕರ್‌ಗಳು ಸುಟ್ಟುಹೋಗದಂತೆ ಕಾಯುವುದು ಸಾಫ್ಟ್‌ವೇರ್. ಹಾಗಾಗಿ ಸುರುಳಿಯ ಬಿಸಿಯನ್ನು ಲೆಕ್ಕ ಹಾಕುವ ಪ್ರೋಗ್ರಾಂ ಅನ್ನು ತಾವೇ ಬರೆದು ಮುಗಿಸುವವರೆಗೂ ಅವರು ಸ್ಪೀಕರನ್ನು ಆನ್ ಮಾಡಲೇ ಇಲ್ಲ. 'ಸೌಂಡ್ ಸರಿಯಿಲ್ಲ' ಎಂದು ಸುಲಭವಾಗಿ ಬೈಯುವ ನಮಗೆ ಅದರ ಹಿಂದಿನ ಇಂಥ ದುಡಿಮೆ ಕಾಣುವುದಿಲ್ಲ.

'ಐನೂರು ರೂಪಾಯಿಯ ಇಯರ್‌ಫೋನ್ ತಗೊಂಡಿದ್ರೆ ಮುಗೀತಿತ್ತು' ಎಂದು ಗೆಳೆಯರು ನಗುತ್ತಾರೆ. ಸಂದರ್ಶನಕ್ಕೆ ಆ ಮಾತು ನೂರಕ್ಕೆ ನೂರು ಸರಿ. ನೀವೂ ಹಿಂದಿನ ರಾತ್ರಿಯೇ ಒಂದು ಕರೆ ಮಾಡಿ ಸೌಂಡ್ ಪರೀಕ್ಷಿಸಿ, ಇನ್ನೊಂದು ಇಯರ್‌ಫೋನ್ ಜೇಬಲ್ಲಿಡಿ. ಆದರೆ ನಾಳೆ ಎಂಜಿನಿಯರ್ ಎಂದು ಕರೆಸಿಕೊಳ್ಳುವ ನಾವು ಕಾರಣ ಹುಡುಕದೆ ದೋಷದ ಮೇಲೆ ದುಡ್ಡು ಸುರಿಯುವುದನ್ನೇ ಅಭ್ಯಾಸ ಮಾಡಿಕೊಂಡರೆ ಹೇಗೆ? ನಾಲ್ಕು ಸೆಮಿಸ್ಟರ್‌ನಲ್ಲಿ ಸಿಗ್ನಲ್ಸ್ ಪಾಸಾಗಿದ್ದೆ. ಕ್ಲಿಪ್ಪಿಂಗ್ ಎಂದರೇನು ಎಂದು ಅರ್ಥವಾದದ್ದು ಮಾತ್ರ ಈ ಡಬ್ಬಾ ಸೌಂಡಿನಿಂದ.

ನನ್ನ ಮಾದರಿಯ ವಿವರಗಳನ್ನೂ ಸರಿಯಾದ ಪಿನ್ ಸಂಖ್ಯೆಯನ್ನೂ ಕರ್ನೆಲ್‌ನ ಧ್ವನಿ ವಿಭಾಗದವರಿಗೆ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದು ಸೇರಿದರೆ ಇದೇ ಲ್ಯಾಪ್‌ಟಾಪ್ ಕೊಳ್ಳುವ ಇನ್ಯಾರೋ ಹುಡುಗನಿಗೆ ಸಂದರ್ಶನದ ದಿನ ಪ್ರಶ್ನೆ ಸರಿಯಾಗಿ ಕೇಳಿಸೀತು. ತಂಗಿಯದು ಮಾತ್ರ ಬೇರೆಯೇ ತಗಾದೆ: 'ಮೇಷ್ಟ್ರ ದನಿ ಈಗ ಸರಿ ಇದೆ ಅಣ್ಣಾ, ಆದರೆ ಪಾಠ ಇನ್ನೂ ಅರ್ಥ ಆಗ್ತಿಲ್ಲ.'