ತಲೆಗೆ ಕೈ ಹಾಕುವ ಮುನ್ನ ನಮ್ಮ ಮಾತಿನಲ್ಲಿ ಕೇಳಿ

ಆದೋನಿ, ಆಲೂರು, ಕೋಸಿಗಿ, ಹೊಳಗುಂದ, ಹಾಲಹರ್ವಿ, ಮಂತ್ರಾಲಯದ ಕಡೆಯ ಕನ್ನಡದ ಮನೆಗಳವರು ನಾವು. ಈ ಚಳವಳಿಗೆ ಹೆಸರಿನ್ನೂ ಇಟ್ಟಿಲ್ಲ, ಬೇಡಿಕೆಯಂತೂ ಖಚಿತವಾಗಿದೆ. ಕರೆಂಟು, ಕತ್ತರಿ, ತಂತಿ ಯಾವುದೇ ಇರಲಿ, ಮನುಷ್ಯನ ಮಿದುಳನ್ನು ಮುಟ್ಟುವ ಮುನ್ನ ಅವರ ಮನೆಮಾತಿನಲ್ಲಿ ತಿಳಿಸಿ, ಅವರ ಬಾಯಿಂದಲೇ ಉತ್ತರ ಪಡೆಯಬೇಕು.

ಮಿದುಳಿಗೇ ಯಾಕೆ ಇಷ್ಟು ಹಟ ಎನ್ನುವವರಿದ್ದಾರೆ. ಮೊಣಕಾಲಿನ ಆಪರೇಷನ್ ಕೆಟ್ಟರೆ ಕುಂಟುತ್ತಲಾದರೂ ಬಂದು ಜಗಳ ಆಡಬಹುದು. ಮಿದುಳಿನದು ಕೆಟ್ಟರೆ ಜಗಳ ಆಡಬೇಕಾದವನೇ ಬೇರೆಯವನಾಗಿರುತ್ತಾನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆ ಗಡಿಯ ಲೆಕ್ಕವನ್ನು ಮತ್ತೆ ಬಿಚ್ಚಲು ನಾವು ಹೊರಟಿಲ್ಲ. ಆದರೆ ತಲೆಗೆ ಸಂಬಂಧಿಸಿದ ಕಾಯಿಲೆ ಬಂತೆಂದರೆ ನಮ್ಮವರು ಇವತ್ತಿಗೂ ಕರ್ನೂಲಿನ ದೊಡ್ಡಾಸ್ಪತ್ರೆ, ಜನ ವಿಮ್ಸ್ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಕೈಮೀರಿದರೆ ಬೆಂಗಳೂರಿನ ನಿಮ್ಹಾನ್ಸ್ ಎಂದು ಅಲೆಯುತ್ತಾರೆ. ಒಂದೊಂದು ಕಡೆ ಒಂದೊಂದು ಭಾಷೆ. ಕಾಗದ ಮಾತ್ರ ಬಹಳ ಕಡೆ ಇಂಗ್ಲಿಷಿನದೇ.

ಆ ಕಾಗದಕ್ಕೆ ಒಪ್ಪಿಗೆ ಬೀಳುವ ರೀತಿ ನೋಡಿ. ಸಹಿ ಬೀಳಬೇಕಾದ ಜಾಗಕ್ಕೆ ಮೊದಲೇ ಪೆನ್ಸಿಲ್ ಗುರುತು ಬಿದ್ದಿರುತ್ತದೆ. "ಇಕ್ಕಡ ವೇಲಿಮುದ್ರ ವೆಯ್ಯಮ್ಮಾ" (ಇಲ್ಲಿ ಹೆಬ್ಬೆಟ್ಟು ಒತ್ತಮ್ಮಾ) ಎಂದು ತೆಲುಗಿನಲ್ಲಿ ಹೇಳುತ್ತಾ ಯಾರೋ ಇಂಕಿನ ಪ್ಯಾಡ್ ಮುಂದಿಡುತ್ತಾರೆ. ತಾಯಿ ನೀಲಿಯಾದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹತ್ತನೇ ತರಗತಿಯ ಮಗನನ್ನು ಕೇಳುತ್ತಾಳೆ: "ಏನ್ ಮಾಡ್ತಾರಂತೋ?" "ತಲಿ ಆಪರೇಷನ್ನಂತವ್ವಾ." ವಿವರಣೆ ಅಲ್ಲಿಗೆ ಮುಗಿಯಿತು. ಮಂಚದ ಮೇಲೆ ಕೂತ ರೋಗಿಯನ್ನು ಯಾರೂ ಕೇಳಿರುವುದಿಲ್ಲ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸಿ ಹುಚ್ಚು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1935ರಲ್ಲಿ ಶುರುಮಾಡಿದ. ಅದಕ್ಕೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಸಿಕ್ಕಿತು. ಅಷ್ಟು ಹೊತ್ತಿಗೆ ಅದು ಬೆಂಗಳೂರಿಗೆ ಬಂದು ವರ್ಷಗಳೇ ಕಳೆದಿದ್ದವು. ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಮಾನಸಿಕ ಆಸ್ಪತ್ರೆಯ ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಿ.ಎನ್. ಬಾಲಕೃಷ್ಣರಾವ್ ಭಾರತೀಯ ರೋಗಿಗಳಿಗೆ ಅದನ್ನು ಮಾಡಿ, 1944ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬರೆದರು. ಅವರನ್ನು ಖಳರೆನ್ನುವುದು ಸುಲಭ, ನ್ಯಾಯವಲ್ಲ. ಮನೋರೋಗಕ್ಕೆ ಇಂದಿನ ಮಾತ್ರೆಗಳು ಆಗ ಇರಲಿಲ್ಲ. ಮದರಾಸಿನಲ್ಲಿ ನಡೆದದ್ದು ನಮ್ಮನ್ನು ಇನ್ನೂ ಹೆಚ್ಚು ಕಾಡುತ್ತದೆ. 1960-70ರ ದಶಕಗಳಲ್ಲಿ ಬಾಲಸುಬ್ರಮಣ್ಯಂ, ರಾಮಮೂರ್ತಿ ಮೊದಲಾದ ನರಶಸ್ತ್ರವೈದ್ಯರು ರೊಚ್ಚಿಗೇಳುವ, ಒಂದೆಡೆ ನಿಲ್ಲದ ರೋಗಿಗಳ ಮಿದುಳಿನ ಆಳದ ಸಣ್ಣ ಭಾಗಗಳನ್ನು ಸುಟ್ಟರು. ಆ ರೋಗಿಗಳಲ್ಲಿ ಮಕ್ಕಳೂ ಇದ್ದರು. 'ಸೆಡೆಟಿವ್ ನ್ಯೂರೋಸರ್ಜರಿ' ಎಂದು ಅದಕ್ಕೆ ಹೆಸರು. ಮಗು ಸುಮ್ಮನಾದರೆ ಆಪರೇಷನ್ ಗೆದ್ದಂತೆ. ನೆಮ್ಮದಿ ಸಿಕ್ಕಿದ್ದು ಮಗುವಿಗೋ ಮನೆಯವರಿಗೋ? ಈ ಪ್ರಶ್ನೆಯನ್ನು ನಾವು ಬಿಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 96ನೇ ಸೆಕ್ಷನ್ ಪ್ರಕಾರ ಮನೋರೋಗಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ರೋಗಿಯ ತಿಳಿದ ಒಪ್ಪಿಗೆಯೂ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಒಪ್ಪಿಗೆ ಎಂದರೆ ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಹೇಳಿದ ಮೇಲೆ ಪಡೆದದ್ದು ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಅದು ಮನೋರೋಗದ ಕಾಯ್ದೆ. ಕೈನಡುಕಕ್ಕೆ, ಫಿಟ್ಸ್‌ಗೆ ತಲೆ ತೆರೆಯುವಾಗ ಆ ಮಂಡಳಿಯ ಕಾವಲು ಇಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ ಒಪ್ಪಿಗೆಯಿಲ್ಲದೆ ಆರೋಪಿಯ ಮಿದುಳು ಪರೀಕ್ಷೆ ಕೂಡದು ಎಂದಿತು. ಆರೋಪಿಗೆ ಇರುವ ಮರ್ಯಾದೆ ಹತ್ತಿ ಬಿಡಿಸುವ ಕೂಲಿಯವಳಿಗೂ ಇರಲಿ.

ನಾವು ಚಿಕಿತ್ಸೆಯ ವಿರೋಧಿಗಳಲ್ಲ. 'ಕರೆಂಟ್ ಇಡ್ತಾರೆ' ಎಂದು ಊರೆಲ್ಲ ಹೆದರುವ ಇಸಿಟಿ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಜೀವ ಉಳಿಸುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದು ಕಾನೂನಿಗೆ ವಿರುದ್ಧ; ಕೆಲವರಿಗೆ ಆ ದಿನಗಳ ನೆನಪು ಮಸುಕಾಗುತ್ತದೆ. ಇವೆರಡನ್ನೂ ಮೊದಲೇ ಹೇಳಿದರೆ ಹೆದರಿಕೆ ಅರ್ಧ ಕರಗುತ್ತದೆ.

ನಡುಕಕ್ಕೆ ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಇದೆ. ಲೋಟ ಹಿಡಿಯಲಾರದ ಕೈ ನಿಲ್ಲುತ್ತದೆ, ಅದು ಸಣ್ಣ ಮಾತಲ್ಲ. ಕೆಲವರಲ್ಲಿ ಮಾತು ತೊದಲುತ್ತದೆ, ಸ್ವಭಾವವೂ ಬದಲಾಗುತ್ತದೆ: ಮೌನಿಯಾಗಿದ್ದವರು ದುಡುಕುತ್ತಾರೆ, ಚುರುಕಾಗಿದ್ದವರು ಮಂಕಾಗುತ್ತಾರೆ. ಮತ್ತೆ ಚಾರ್ಜ್ ಮಾಡಲಾಗದ ಬಗೆಯ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ಬದಲಿಸಬೇಕು. ಕೋಸಿಗಿಯಿಂದ ಬೆಂಗಳೂರಿಗೋ ಗುಂಟೂರಿಗೋ ವಲಸೆ ಹೋಗುವ ಸಂಸಾರಕ್ಕೆ ಎರಡನೇ ಬ್ಯಾಟರಿಯ ಹಣ ಎಲ್ಲಿಂದ ಬರಬೇಕು? ಮೊದಲ ದಿನವೇ ಬೆಲೆ ಹೇಳದೆ ತಂತಿ ಇಳಿಸುವುದು ಮೋಸವೆಂದೇ ನಾವು ಎಣಿಸುತ್ತೇವೆ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನದಲ್ಲೇ ಬರೆಯಿತು. ನಾವು ಅಷ್ಟು ದೂರದ್ದು ಕೇಳುತ್ತಿಲ್ಲ.

ಕೇಳುವುದು ಇಷ್ಟು. ಒಪ್ಪಿಗೆಯ ಪತ್ರ ಕನ್ನಡ, ತೆಲುಗು, ಉರ್ದುಗಳಲ್ಲಿರಲಿ, ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಲಿ. ದುಭಾಷಿಯ ಕೆಲಸಕ್ಕೆ ಮನೆಯ ಮಕ್ಕಳನ್ನು ದುಡಿಸಬೇಡಿ, ಆಸ್ಪತ್ರೆಯೇ ಆಳು ಕೊಡಲಿ. ತುರ್ತಲ್ಲದಿದ್ದರೆ ಕೇಳಿದ ದಿನವೇ ಸಹಿ ಬೇಡ, ಒಂದು ರಾತ್ರಿ ಮನೆಯವರೊಡನೆ ಮಾತಾಡಲು ಬಿಡಿ. ಗಂಡ ಒಪ್ಪಿದ, ಅಣ್ಣ ಒಪ್ಪಿದ ಎಂಬುದು ರೋಗಿ ಒಪ್ಪಿದಂತಲ್ಲ. ಬೇಡವೆಂದವರನ್ನು 'ಹುಚ್ಚು ಬಲಿತಿದೆ' ಎಂದು ಬರೆದು ಮುಗಿಸಬೇಡಿ.

ನಿಮ್ಮ ಮನೆಯಲ್ಲಿ ಯಾರದಾದರೂ ತಲೆಗೆ ಚಿಕಿತ್ಸೆ ಆಗಿದ್ದರೆ ಆಸ್ಪತ್ರೆಯಿಂದ ದಾಖಲೆಗಳ ನಕಲು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವಿದೆ. ಆ ಕಾಗದ ಹಿಡಿದು ನಮ್ಮ ಹತ್ತಿರ ಬನ್ನಿ. ಯಾವುದಕ್ಕೆ ಹೆಬ್ಬೆಟ್ಟು ಒತ್ತಿದಿರಿ ಎಂಬುದನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ.