ಎರಡು ವಾರಗಳ ಸೇವೆ ಯಾರಿಗಾಗಿ?



ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಮತ್ತೆ ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ, ಸ್ಪೇನ್, ಇಟಲಿ, ಐರ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳ ಕ್ರೈಸ್ತ ಯುವಕ ಯುವತಿಯರು ಭಾರತದ ಅನಾಥಾಲಯ, ವೃದ್ಧಾಶ್ರಮ, ಕುಷ್ಠರೋಗಿಗಳ ಆಶ್ರಮಗಳಲ್ಲಿ ಸೇವೆ ಮಾಡಲೆಂದು ಬರುತ್ತಾರೆ. ಹೊರಡುವ ಮುನ್ನ ಅವರ ಧರ್ಮಕೇಂದ್ರದವರು ಕೇಕು ಮಾಡಿ ಮಾರಿ, ಹಾಡಿನ ಸಂಜೆಗಳನ್ನು ಏರ್ಪಡಿಸಿ ಪ್ರಯಾಣದ ಹಣ ಕೂಡಿಸಿರುತ್ತಾರೆ. ಬಲಿಪೂಜೆಯ ಕೊನೆಯಲ್ಲಿ ಗುರುಗಳು ಪೀಠದ ಮುಂದೆ ನಿಲ್ಲಿಸಿ ಆಶೀರ್ವದಿಸಿ ಕಳುಹಿಸಿರುತ್ತಾರೆ. ಎರಡು ಮೂರು ವಾರ ಇಲ್ಲಿದ್ದು, ಒಂದೆರಡು ದಿನ ತಾಜ್ ಮಹಲನ್ನೋ ಕೇರಳದ ಹಿನ್ನೀರನ್ನೋ ನೋಡಿಕೊಂಡು ಅವರು ಹಿಂದಿರುಗುತ್ತಾರೆ. ಹಿಂದಿರುಗಿ ತಮ್ಮ ಧರ್ಮಕೇಂದ್ರದ ಪತ್ರಿಕೆಗೆ ಅನುಭವ ಬರೆಯುತ್ತಾರೆ.

ಇವರ ಮನಸ್ಸಿನ ನಿರ್ಮಲತೆಯನ್ನು ಶಂಕಿಸುವ ಹಕ್ಕು ನನಗಿಲ್ಲ. ಹತ್ತೊಂಬತ್ತು ಇಪ್ಪತ್ತರ ಹರೆಯದಲ್ಲಿ ಕಡಲತೀರದ ರಜೆಯನ್ನು ಬಿಟ್ಟು ಅಪರಿಚಿತ ನಾಡಿನ ಸೆಕೆಯಲ್ಲಿ ಪಾತ್ರೆ ತೊಳೆಯಲು ಬರುವವರು ಸಾಮಾನ್ಯರಲ್ಲ. ಆದರೂ ಈ ಅಲ್ಪಾವಧಿ ಸೇವೆ ಇಂದು ಯಾವ ರೂಪದಲ್ಲಿ ನಡೆಯುತ್ತಿದೆಯೋ ಆ ರೂಪದಲ್ಲಿ, ಅದರಲ್ಲಿಯೂ ಮಕ್ಕಳ ಆಶ್ರಮಗಳಲ್ಲಿ, ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಹೊಣೆಯ ಹೆಚ್ಚಿನ ಪಾಲು ಬರುವ ಅವರದಲ್ಲ, ಬರಮಾಡಿಕೊಳ್ಳುವ ನಮ್ಮದು ಎಂಬುದೂ ಅಷ್ಟೇ ಖಚಿತ.

ಅವರು ಬರೆಯುವ ಅನುಭವ ಕಥನಗಳನ್ನು ಓದಿದವರಿಗೆ ಅವುಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುವುದು ತಿಳಿದೇ ಇದೆ. ಮೊದಲನೆಯದು, ಅಲ್ಲಿಯ ಜನರಲ್ಲಿ ಏನೂ ಇಲ್ಲ, ಆದರೂ ಅವರು ಎಷ್ಟೊಂದು ಸಂತೋಷವಾಗಿದ್ದಾರೆ ಎಂಬುದು. ಈ ಮಾತನ್ನು ಒಂದು ಕ್ಷಣ ನಿಂತು ಪರಿಶೀಲಿಸಿ. ಭಾಷೆ ತಿಳಿಯದ ಅತಿಥಿಯೆದುರು ಮಗು ನಗುತ್ತದೆ. ಹೊಸಬರು ಬಂದಾಗ ಸಾಲಾಗಿ ನಿಂತು ಹಾಡಬೇಕೆಂದು, ಕೈಮುಗಿಯಬೇಕೆಂದು ಅದಕ್ಕೆ ಕಲಿಸಲಾಗಿದೆ. ಬಂದವರು ಚಾಕೊಲೇಟು ತಂದಿರುತ್ತಾರೆಂಬುದೂ ಅದಕ್ಕೆ ಗೊತ್ತು. ಆ ನಗುವಿನಿಂದ ಬಡತನವೇ ಸಂತೋಷವೆಂಬ ಪಾಠವನ್ನು ಕಟ್ಟುವುದು ಬಡವರಿಗೆ ಮಾಡುವ ಅಪಚಾರ. ನಮ್ಮ ಊರಿನ ಕೂಲಿಕಾರ ಹೆಂಗಸನ್ನು ಕೇಳಿ ನೋಡಿ, ಏನೂ ಇಲ್ಲದಿರುವುದು ಆಕೆಗೆ ಎಷ್ಟು ಸಂತೋಷ ಕೊಟ್ಟಿದೆಯೆಂದು.

ಎರಡನೆಯ ಮಾತು, ಕೊಟ್ಟದ್ದಕ್ಕಿಂತ ಹೆಚ್ಚು ಪಡೆದುಕೊಂಡೆ ಎಂಬುದು. ಇದನ್ನು ವಿನಯದ ಮಾತೆಂದು ನಾವು ಮೆಚ್ಚುತ್ತೇವೆ. ನನಗೆ ಇದು ಅಕ್ಷರಶಃ ಸತ್ಯವೆನಿಸುತ್ತದೆ. ಹಾಗಾದರೆ ಇಲ್ಲಿ ಕೊಟ್ಟವರು ಯಾರು? ತಂದೆ ತಾಯಿಯಿಲ್ಲದ ಆರು ವರ್ಷದ ಮಗು ಕೊಟ್ಟಿತು. ಎರಡು ವಾರ ಪ್ರೀತಿಸಿ, ಕೊರಳಿಗೆ ಜೋತುಬಿದ್ದು, ಬಳಿಕ ಕಳೆದುಕೊಂಡಿತು. ಮಗುವಿನಿಂದ ಇಂಥದ್ದನ್ನು ಪಡೆಯುವ ಅಧಿಕಾರ ನಮಗೆ ಯಾರು ಕೊಟ್ಟರು?

ಇದು ಬರಿಯ ಭಾವುಕತೆಯ ಪ್ರಶ್ನೆಯಲ್ಲ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿಯೇ ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ನಿರಂತರ ಸಾಂಗತ್ಯ ಅತ್ಯಗತ್ಯವೆಂದೂ, ಅದು ಪದೇ ಪದೇ ಕಡಿದುಹೋದರೆ ಮಗುವಿನ ಮನಸ್ಸಿಗೆ ಆಳವಾದ ಹಾನಿಯಾಗುತ್ತದೆಂದೂ ತಿಳಿಸಿದ್ದರು. ಆಶ್ರಮದ ಮಗು ಈಗಾಗಲೇ ಒಮ್ಮೆ ಎಲ್ಲವನ್ನೂ ಕಳೆದುಕೊಂಡಿದೆ. ಅದರ ಬಳಿಗೆ ವರ್ಷಕ್ಕೆ ಹತ್ತು ಜನ ಹೊಸ ಅಕ್ಕಂದಿರನ್ನು ಕರೆತಂದು, ಹತ್ತು ಬಾರಿ ಅಗಲಿಸುವುದನ್ನು ಯಾವ ಹೆಸರಿನಿಂದ ಕರೆಯೋಣ? ಅಪರಿಚಿತರನ್ನು ಕಂಡ ಕೂಡಲೇ ಓಡಿಬಂದು ಮಡಿಲೇರುವ ಮಗುವನ್ನು ನೋಡಿ ಅತಿಥಿಗಳು ಕಣ್ಣೊರೆಸಿಕೊಳ್ಳುತ್ತಾರೆ. ಮನೆಯಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ ಎಂಬುದನ್ನು ತಾಯಂದಿರಾದ ನೀವು ಬಲ್ಲಿರಿ.

ಕಾಂಬೋಡಿಯಾ, ನೇಪಾಳಗಳಲ್ಲಿ ಇದಕ್ಕಿಂತಲೂ ಘೋರವಾದುದು ಬೆಳಕಿಗೆ ಬಂದಿತು. ತಂದೆಯೋ ತಾಯಿಯೋ ಬದುಕಿದ್ದ ಮಕ್ಕಳನ್ನೇ ಹಳ್ಳಿಗಳಿಂದ ತಂದು ಅನಾಥರೆಂದು ತೋರಿಸಿ, ವಿದೇಶೀ ಸೇವಾಕಾಂಕ್ಷಿಗಳಿಂದ ಹಣ ಸಂಗ್ರಹಿಸುವ ಆಶ್ರಮಗಳು ಅಲ್ಲಿ ಹುಟ್ಟಿಕೊಂಡಿದ್ದವು. ಆಸ್ಟ್ರೇಲಿಯಾದ ಸಂಸದೀಯ ಸಮಿತಿಯೊಂದು 2017ರಲ್ಲಿ ಆಧುನಿಕ ಗುಲಾಮಗಿರಿಯ ಕುರಿತ ತನ್ನ ವರದಿಯಲ್ಲಿ ಈ ವಿಷಯವನ್ನು ಪ್ರತ್ಯೇಕವಾಗಿ ಚರ್ಚಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಬಗೆಗಿನ ನಿರ್ಣಯದಲ್ಲಿ ಅನಾಥಾಲಯಗಳಲ್ಲಿ ನಡೆಯುವ ಪ್ರವಾಸಿ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ಹೆಸರಿಸಿತು. ನಮ್ಮ ಧರ್ಮಭಗಿನಿಯರು ನಡೆಸುವ ಮನೆಗಳನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ದೊಡ್ಡ ಕಾಣಿಕೆ ತರುವ ಅತಿಥಿಗಳಿಗೆ ಮಕ್ಕಳನ್ನು ತೋರಿಸುವ ಅಭ್ಯಾಸ ನಮ್ಮಲ್ಲಿಯೂ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲಿರಾ?

ಭಾವಚಿತ್ರಗಳ ವಿಷಯ ಕಾನೂನಿಗೇ ಸಂಬಂಧಿಸಿದ್ದು. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಿನ ಚಿತ್ರವನ್ನು ಪ್ರಕಟಿಸುವಂತಿಲ್ಲ. ಉಲ್ಲಂಘಿಸಿದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇದನ್ನು ಓದುತ್ತಿರುವ ಎಷ್ಟು ಧರ್ಮಕೇಂದ್ರಗಳ ಸೂಚನಾಫಲಕದಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಅಂಥ ಚಿತ್ರಗಳಿವೆ? ಬಿಳಿಯ ತರುಣಿಯೊಬ್ಬಳು ನಮ್ಮ ಮಗುವನ್ನು ಎತ್ತಿಕೊಂಡು ನಿಂತ ಆ ಒಂದು ಚಿತ್ರ ಎಷ್ಟು ಗೋಡೆಗಳ ಮೇಲೆ ತೂಗಿಲ್ಲ! ತನ್ನ ದೇಶದ ಮಕ್ಕಳ ಆಶ್ರಮದಲ್ಲಿ ಹೀಗೆ ಚಿತ್ರ ತೆಗೆಸಿಕೊಳ್ಳಲು ಅವಳನ್ನು ಬಾಗಿಲ ಒಳಗೂ ಬಿಡಲಾರರು.

ಈಗ ನಿಮ್ಮ ಮನೆಗೇ ಬರೋಣ. ಕರಾವಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ನರ್ಸಿಂಗ್ ಓದಿ ವಿದೇಶಕ್ಕೆ ಹೋದ ಮಗಳು ಅಥವಾ ಸೊಸೆ ಇಲ್ಲದ ಕ್ರೈಸ್ತ ಕುಟುಂಬಗಳು ಎಷ್ಟಿವೆ? ಆ ಹುಡುಗಿ ಜರ್ಮನಿಯ ಒಬ್ಬ ಮುದುಕಿಯ ಕೈಹಿಡಿದು ನಡೆಸುವ ಮುನ್ನ ಏನೇನು ಮಾಡಬೇಕಾಯಿತೆಂಬುದು ನಿಮಗೆ ಗೊತ್ತು. ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದಳು. ಜರ್ಮನ್ ಭಾಷೆ ಕಲಿತು ಪರೀಕ್ಷೆ ಕಟ್ಟಿದಳು, ಒಮ್ಮೆ ನಪಾಸಾದರೆ ಮತ್ತೆ ಕಟ್ಟಿದಳು. ಪ್ರಮಾಣಪತ್ರಗಳನ್ನು ಅಲ್ಲಿಯ ಅಧಿಕಾರಿಗಳು ತಿಂಗಳುಗಟ್ಟಲೆ ಪರಿಶೀಲಿಸಿದರು. ಅದು ಸರಿಯೇ, ಅವರ ಮುದುಕಿಗೆ ನೋವಾದಾಗ ಏನೆನ್ನುತ್ತಾಳೆಂದು ಅರ್ಥವಾಗದವರ ಕೈಗೆ ಆಕೆಯನ್ನು ಒಪ್ಪಿಸಲಾಗದು. ಅದೇ ಮುದುಕಿಯ ಮೊಮ್ಮಗಳು ನಮ್ಮಲ್ಲಿಗೆ ಬಂದಾಗ ನಾವೇನು ಕೇಳುತ್ತೇವೆ? ನೀರು, ಹಸಿವು, ನೋವು ಎಂಬ ಮೂರು ಪದಗಳನ್ನೂ ಕಲಿಯದೆ ಬಂದವಳ ಕೈಗೆ ರೋಗಿಯನ್ನೂ ಮಗುವನ್ನೂ ಕೊಟ್ಟು, ಮೇಲಾಗಿ ಹೂಮಾಲೆ ಹಾಕುತ್ತೇವೆ. ಅವರ ವೃದ್ಧರಿಗೆ ಇರುವ ಬೆಲೆ ನಮ್ಮ ಮಕ್ಕಳಿಗಿಲ್ಲವೆಂದು ನಾವೇ ಒಪ್ಪಿಕೊಂಡಂತಾಗಲಿಲ್ಲವೇ?

ಕೋಲ್ಕತ್ತಾದ ಸಂತ ತೆರೇಸಾರ ಹೆಸರನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಜಗತ್ತಿನೆಲ್ಲೆಡೆಯ ಸ್ವಯಂಸೇವಕರು ಅಲ್ಲಿ ಮುಂಜಾನೆಯ ಬಲಿಪೂಜೆಯ ನಂತರ ಚಹಾ, ಬ್ರೆಡ್ಡು, ಬಾಳೆಹಣ್ಣು ತಿಂದು ಪ್ರೇಮದಾನ, ದಯಾದಾನ, ನಿರ್ಮಲ ಹೃದಯಗಳಿಗೆ ಹಂಚಿಹೋಗುತ್ತಾರೆ. ರಾಶಿ ರಾಶಿ ಬಟ್ಟೆ ಕೈಯಲ್ಲಿ ಒಗೆದು ಮಹಡಿಯ ಮೇಲೆ ಹರವುತ್ತಾರೆ. ಈ ಬಟ್ಟೆ ಒಗೆಯುವ ಕೆಲಸಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಅದಕ್ಕೆ ಭಾಷೆ ಬೇಡ, ಎರಡು ವಾರವೂ ಸಾಕು, ಒಗೆದವರು ಹೋದರೆಂದು ಹೊದಿಕೆ ಅಳುವುದಿಲ್ಲ. ಆದರೆ ಸ್ವತಃ ಮದರ್ ತೆರೇಸಾರವರು ಹೇಗೆ ಸೇವೆಗಿಳಿದರೆಂಬುದನ್ನು ನೋಡಿ. 1929ರ ಜನವರಿಯಲ್ಲಿ ಕೋಲ್ಕತ್ತಾಕ್ಕೆ ಬಂದ ಅವರು ಕೊಳೆಗೇರಿಗೆ ಕಾಲಿಟ್ಟದ್ದು 1948ರಲ್ಲಿ. ನಡುವಣ ಹತ್ತೊಂಬತ್ತು ವರ್ಷಗಳಲ್ಲಿ ಬಂಗಾಳಿ ಕಲಿತರು, ಎಂಟಾಲಿಯ ಸಂತ ಮರಿಯಳ ಶಾಲೆಯಲ್ಲಿ ಪಾಠ ಹೇಳಿದರು. ಲೊರೆಟೊ ಮಠವನ್ನು ಬಿಟ್ಟ ಮೇಲೂ ನೇರವಾಗಿ ರೋಗಿಗಳ ಬಳಿಗೆ ಹೋಗದೆ ಪಾಟ್ನಾಕ್ಕೆ ತೆರಳಿ ವೈದ್ಯಕೀಯ ಸೇವೆಯ ಭಗಿನಿಯರಲ್ಲಿ ಶುಶ್ರೂಷೆಯ ತರಬೇತಿ ಪಡೆದರು. ನಿರ್ಮಲ ಹೃದಯ ತೆರೆದದ್ದು 1952ರಲ್ಲಿ. ಅವರ ಹೆಸರಿನಲ್ಲಿ ಬರುವವರಿಗೆ ಅವರ ಈ ಪೂರ್ವಸಿದ್ಧತೆಯನ್ನು ಯಾರೂ ನೆನಪಿಸುವುದಿಲ್ಲ.

ನಮಗೆ ಹಿತವೆನಿಸದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನ ಸಂಪಾದಕ ರಾಬಿನ್ ಫಾಕ್ಸ್ ಕೋಲ್ಕತ್ತಾದ ಮರಣಾಸನ್ನರ ಮನೆಯನ್ನು ನೋಡಿ 1994ರಲ್ಲಿ ಬರೆದರು. ಅಲ್ಲಿಯ ಶುಚಿತ್ವವನ್ನೂ ಅಕ್ಕರೆಯನ್ನೂ ಅವರು ಒಪ್ಪಿಕೊಂಡರು. ಆದರೆ ರೋಗನಿರ್ಣಯ ಸರಿಯಾಗಿ ಆಗುತ್ತಿಲ್ಲವೆಂದೂ, ತೀವ್ರ ನೋವಿಗೆ ತಕ್ಕ ಔಷಧವಿಲ್ಲವೆಂದೂ, ವೈದ್ಯರು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಕಾರಣ ಭಗಿನಿಯರೂ ಸ್ವಯಂಸೇವಕರೂ ತೋಚಿದಂತೆ ನಿರ್ಧರಿಸಬೇಕಾಗಿದೆಯೆಂದೂ ಟೀಕಿಸಿದರು. ಅಂದು ನಮ್ಮಲ್ಲಿ ಅನೇಕರು ಇದನ್ನು ಧರ್ಮಸಭೆಯ ಮೇಲಿನ ದಾಳಿಯೆಂದು ತಳ್ಳಿಹಾಕಿದರು. ಸಾಯುತ್ತಿರುವವನ ಪಕ್ಕದಲ್ಲಿ ಪ್ರೀತಿ ತುಂಬಿದ ಹತ್ತು ಕೈಗಳಿದ್ದೂ ನೋವು ತಗ್ಗಿಸಬಲ್ಲ ಒಂದು ಕೈ ಇಲ್ಲದಿದ್ದರೆ, ಆ ಕೊರತೆಯನ್ನು ಹೇಳಿದವನ ಮೇಲೆ ಸಿಟ್ಟಾಗಿ ಫಲವೇನು?

ಈ ವಾದ ಹೊಸದೇನೂ ಅಲ್ಲ, ಧರ್ಮಸಭೆಯ ಹೊರಗಿನಿಂದ ಬಂದದ್ದೂ ಅಲ್ಲ. 1968ರ ಏಪ್ರಿಲಿನಲ್ಲಿ, ಬೇಸಿಗೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಇವಾನ್ ಇಲಿಚ್ ಎಂಬ ಕಥೋಲಿಕ ಗುರು ಮಾತನಾಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು. ಭಾಷೆ ತಿಳಿಯದೆ ಹೋದವರಿಗೆ ತಾವು ಮಾಡುತ್ತಿರುವ ಹಾನಿಯೂ ತಿಳಿಯದು ಎಂಬುದು ಅವರ ಆಕ್ಷೇಪಗಳಲ್ಲೊಂದು. ನಮ್ಮ ಸರ್ಕಾರದ ವೀಸಾ ನಿಯಮವೂ ಒಂದು ವಿಧದಲ್ಲಿ ಇದನ್ನೇ ಹೇಳುತ್ತದೆ. ಸಂಭಾವನೆಯಿಲ್ಲದ ಅಲ್ಪಾವಧಿಯ ಸ್ವಯಂಸೇವೆಗೆ, ಹೆಚ್ಚೆಂದರೆ ಒಂದು ತಿಂಗಳ ಕಾಲ, ಅದು ಅವಕಾಶ ಕೊಡುವುದು ಪ್ರವಾಸಿ ವೀಸಾದ ಅಡಿಯಲ್ಲಿ. ಸರ್ಕಾರ ಅವರನ್ನು ಪ್ರವಾಸಿಗರೆಂದು ಸರಿಯಾಗಿಯೇ ಗುರುತಿಸಿದೆ!

ಈಗ ಬಲವಾದ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ದಯಾಳು ಸಮಾರಿಯದವನೂ ದಾರಿಹೋಕನೇ ತಾನೇ? ಅವನಿದ್ದದ್ದು ಒಂದೇ ರಾತ್ರಿ. ಅವನಿಗೆ ಯಾರು ಭಾಷಾಪರೀಕ್ಷೆ ಮಾಡಿದರು? ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ದಯವಿಟ್ಟು ಮತ್ತೊಮ್ಮೆ ತೆರೆದು ಓದಿ. ಅವನು ಗಾಯಾಳುವನ್ನು ಹುಡುಕಿಕೊಂಡು ಪ್ರಯಾಣ ಹೊರಟವನಲ್ಲ. ತನ್ನ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡವನು. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಲು ಅವನಿಗೆ ಬರುತ್ತಿತ್ತು. ಛತ್ರಕ್ಕೆ ತಂದು ಆರೈಕೆ ಮಾಡಿದ, ಮರುದಿನ ಛತ್ರದವನಿಗೆ ಒಪ್ಪಿಸಿದ. ಎರಡು ದಿನಾರಿ ನಾಣ್ಯಗಳನ್ನು ಅವನ ಕೈಗಿತ್ತು, ಹೆಚ್ಚಿಗೆ ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟ. ನಮ್ಮ ಪ್ರಬೋಧನೆಗಳಲ್ಲಿ ಈ ಛತ್ರದವನ ಹೆಸರೇ ಬರುವುದಿಲ್ಲ. ಆ ನಂತರದ ರಾತ್ರಿಗಳಲ್ಲಿ ಎದ್ದು ನೀರು ಕೊಟ್ಟವನು, ಬಟ್ಟೆ ಬದಲಿಸಿದವನು, ಗಾಯ ಮಾಯುವವರೆಗೆ ಜೊತೆಗಿದ್ದವನು ಅವನೇ ಇರಬೇಕು.

ನಮ್ಮ ಆಶ್ರಮಗಳ ಛತ್ರದವರು ಯಾರು? ಬೆಳಗಿನ ಬಸ್ಸಿಗೆ ಬಂದು ಮಕ್ಕಳಿಗೆ ಸ್ನಾನ ಮಾಡಿಸಿ, ತಲೆಬಾಚಿ, ಸಂಜೆ ತನ್ನ ಮಕ್ಕಳ ಬಳಿಗೆ ಓಡುವ ಆಯಾ. ಮೂವತ್ತು ವರ್ಷಗಳಿಂದ ಅದೇ ಅಡಿಗೆಮನೆಯಲ್ಲಿ ಗಂಜಿ ಬೇಯಿಸುತ್ತಿರುವ ಧರ್ಮಭಗಿನಿ. ಒಬ್ಬ ಅತಿಥಿಯ ವಿಮಾನದ ಟಿಕೇಟಿನ ಹಣದಲ್ಲಿ ಆ ಆಯಾಗೆ ಎಷ್ಟು ತಿಂಗಳ ಸಂಬಳ ಕೊಡಬಹುದೆಂದು ನೀವೇ ಲೆಕ್ಕ ಹಾಕಿ. ಅವಳಿಗೆ ಯಾರೂ ಹೂಮಾಲೆ ಹಾಕಿದ್ದು ನಾನಂತೂ ಕಂಡಿಲ್ಲ.

ಪರದೇಶದವರು ಬರಲೇಬಾರದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮಂಗಳೂರಿನ ಕಂಕನಾಡಿಯ ಕಲ್ಲುಗಳೇ ನನ್ನನ್ನು ಖಂಡಿಸಿಯಾವು. 1878ರಲ್ಲಿ ಮಂಗಳೂರಿಗೆ ಬಂದ ಜರ್ಮನ್ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1910ರಲ್ಲಿ ಇದೇ ಮಣ್ಣಿನಲ್ಲಿ ಮಣ್ಣಾದರು. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದರು. ಅವರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಇಂದಿನ ಯುವಕರೆಲ್ಲ ಮುಲ್ಲರ್, ಕಿಟ್ಟೆಲ್ ಆಗಲಿ ಎಂದು ಬಯಸುವುದು ಅತಿಯಾಸೆ. ಆದರೆ ಜರ್ಮನ್ ಸರ್ಕಾರ 2008ರಲ್ಲಿ ಆರಂಭಿಸಿದ 'ವೆಲ್ಟ್‌ವೆರ್ಟ್ಸ್' ಎಂಬ ಸ್ವಯಂಸೇವಾ ಯೋಜನೆ ಕನಿಷ್ಠ ಆರು ತಿಂಗಳ ವಾಸವನ್ನು ಕೇಳುತ್ತದೆ; ಕೆಲವು ವರ್ಷಗಳ ನಂತರ ನಮ್ಮಂಥ ದೇಶಗಳ ಯುವಜನರೂ ಅಲ್ಲಿಗೆ ಸೇವೆಗೆ ಹೋಗುವ ಅವಕಾಶವನ್ನು ಅದರಲ್ಲಿ ಸೇರಿಸಲಾಯಿತು. ಸರ್ಕಾರವೊಂದಕ್ಕೆ ಹೊಳೆದದ್ದು ಧರ್ಮಸಭೆಗೆ ಹೊಳೆಯಬಾರದೇ?

ವಿದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಬಂಧುಗಳ ಮಕ್ಕಳಿಗೂ ಇದೇ ಮಾತು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಪ್ರೌಢಶಿಕ್ಷಣ ಮುಗಿಸಲು 40 ಗಂಟೆಗಳ ಸಮಾಜಸೇವೆ ಕಡ್ಡಾಯ. ರಜೆಗೆ ಬಂದ ಮೊಮ್ಮಗನ ಗಂಟೆಗಳನ್ನು ತುಂಬಿಸಲು ಹತ್ತಿರದ ಆಶ್ರಮಕ್ಕೆ ಕರೆದೊಯ್ದು ಸಹಿ ಹಾಕಿಸಿಕೊಳ್ಳುವ ಆಸೆ ಅಜ್ಜ ಅಜ್ಜಿಯರಿಗೆ ಬರುವುದು ಸಹಜ. ಅದರ ಬದಲು ಆ ಹುಡುಗನಿಗೆ ಕನ್ನಡವನ್ನೋ ಕೊಂಕಣಿಯನ್ನೋ ಒಂದಿಷ್ಟು ಕಲಿಸಿ, ಊರಿನ ಗದ್ದೆ, ಸಂತೆ, ಆಸ್ಪತ್ರೆಯ ಸಾಲು ತೋರಿಸಿ ಕಳುಹಿಸಿ. ಪ್ರಮಾಣಪತ್ರ ಸಿಗದಿದ್ದರೆ ಸಿಗದಿರಲಿ.

ಮುಂದಿನ ಬಾರಿ ನಿಮ್ಮ ಧರ್ಮಕೇಂದ್ರಕ್ಕೆ ಇಂಥದೊಂದು ಪತ್ರ ಬಂದಾಗ ಪಾಲನಾ ಸಮಿತಿಯವರು ಗುರುಗಳೊಡನೆ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಲಿ. ಎಷ್ಟು ಕಾಲ ಇರುತ್ತೀರಿ? ಯಾವ ಕೆಲಸ ಬಲ್ಲಿರಿ? ನಮ್ಮ ಭಾಷೆಯನ್ನು ಕಲಿಯಲು ಎಷ್ಟು ವಾರ ಕೊಡುವಿರಿ? ಎರಡು ವಾರವೆಂದು ಉತ್ತರ ಬಂದರೆ ಸಂತೋಷದಿಂದಲೇ ಆಹ್ವಾನಿಸಿ. ನಿಮ್ಮ ಮನೆಯಲ್ಲಿ ಇಳಿಸಿಕೊಳ್ಳಿ, ನಿಮ್ಮ ಊಟ ಬಡಿಸಿ, ನಿಮ್ಮೊಡನೆ ಬಲಿಪೂಜೆಗೆ ಕರೆದುಕೊಂಡು ಹೋಗಿ. ಆಯಾಳ ಜೊತೆ ಬಟ್ಟೆ ಒಗೆಯಲಿ, ತರಕಾರಿ ಹೆಚ್ಚಲಿ, ಅವಳಿಂದಲೇ ಎರಡು ಮಾತು ಕಲಿಯಲಿ. ಮಕ್ಕಳ ಕೋಣೆಯ ಬಾಗಿಲು ಮುಚ್ಚಿರಲಿ, ಕ್ಯಾಮರಾ ಪೆಟ್ಟಿಗೆಯಲ್ಲಿರಲಿ. ಇದಕ್ಕೆ ಬೇಸರಪಟ್ಟುಕೊಂಡು ಯಾರಾದರೂ ಬರುವುದನ್ನೇ ಕೈಬಿಟ್ಟರೆ, ಅವರ ಜೊತೆ ಬರಬೇಕಾಗಿದ್ದ ಕಾಣಿಕೆಯೂ ತಪ್ಪಬಹುದು. ಆ ಕೊರತೆಯನ್ನು ತುಂಬಲು ನಮ್ಮ ಕುಟುಂಬಗಳು ತಿಂಗಳಿಗೆ ಎಷ್ಟು ಕೊಡಲು ಸಿದ್ಧವೆಂಬುದನ್ನು ಅದೇ ಸಭೆಯಲ್ಲಿ ಬರೆದಿಟ್ಟುಕೊಳ್ಳಿ.